ಎಐ ಬರೆದ ಕೋಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಒಂದು ಬಗ್ ಸರಿಮಾಡು ಎಂದರೆ ಎಐ ಇನ್ನೆರಡು ಕಡೆ ಕೆಡಿಸುತ್ತದೆ. ಕೇಳಿದರೆ ‘ಕ್ಷಮಿಸಿ’ ಎಂದು ಮತ್ತೆ ಹಳೆಯ ತಪ್ಪನ್ನೇ ಬರೆಯುತ್ತದೆ. ಏನು ಮಾಡಲಿ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಅದೇ ಚಾಟ್‌ನಲ್ಲಿ ಜಗಳ ಮುಂದುವರಿಸಬೇಡಿ. ಹಿಂದಿನ ಮಾತುಕತೆ, ತಪ್ಪು ಕೋಡ್ ಸಮೇತ, ಪ್ರತಿ ಸಲವೂ ಮಾಡೆಲ್‌ಗೆ ಮತ್ತೆ ಹೋಗುತ್ತದೆ. ಕಸ ಹೆಚ್ಚಿದಷ್ಟೂ ಉತ್ತರ ಅದೇ ಜಾಡು ಹಿಡಿಯುತ್ತದೆ. ಹೊಸ ಚಾಟ್ ತೆರೆದು ಇಷ್ಟು ಕೊಡಿ: ಕೆಟ್ಟಿರುವ ಫಂಕ್ಷನ್, ಇಡೀ ಎರರ್ ಸಂದೇಶ (ಕೊನೆಯ ಸಾಲಷ್ಟೇ ಸಾಲದು), ನೀವು ಕೊಟ್ಟ ಇನ್‌ಪುಟ್, ಬರಬೇಕಿದ್ದ ಔಟ್‌ಪುಟ್, ಲೈಬ್ರರಿಯ ವರ್ಷನ್. ವರ್ಷನ್ ಮರೆತರೆ ಹಳೆಯ ಕೋಡ್ ಬರುವುದುಂಟು. ಉದಾಹರಣೆಗೆ, ಪೈಥಾನ್‌ನ ಡೇಟಾ ಲೈಬ್ರರಿ ಪಾಂಡಾಸ್‌ನ 2023ರ 2.0 ವರ್ಷನ್‌ನಲ್ಲಿ ಡೇಟಾಫ್ರೇಮ್‌ನ ‘ಅಪೆಂಡ್’ (ಕೋಷ್ಟಕಕ್ಕೆ ಸಾಲು ಸೇರಿಸುವ ಆದೇಶ) ತೆಗೆದುಹಾಕಿದ್ದಾರೆ, ಅಲ್ಲಿ ‘ಕಾನ್‌ಕ್ಯಾಟ್’ ಬಳಸಬೇಕು.

ಎಐ ಕೈಗೆ ಫೈಲ್ ಒಪ್ಪಿಸುವ ಮುನ್ನ, ಕೋಡ್‌ನ ಹಳೆಯ ರೂಪಗಳನ್ನು ಕಾಪಿಡುವ ಗಿಟ್‌ನಲ್ಲಿ ಕಮಿಟ್ ಆಗಿರಲೇಬೇಕು, ಅಂದರೆ ಈಗಿನ ರೂಪ ಉಳಿಸಿರಬೇಕು. ಅದು ಮುಗಿಸಿದ ಮೇಲೆ ಏನೇನು ಬದಲಾಗಿದೆ ಎಂದು ತೋರಿಸುವ ‘ಗಿಟ್ ಡಿಫ್’ ಓದಿ. ಮೂರು ಸಾಲಿನ ಕೆಲಸಕ್ಕೆ ಮುನ್ನೂರು ಸಾಲು ಬದಲಾಗಿದ್ದರೆ ಓದುತ್ತಾ ಕೂರದೆ ‘ಗಿಟ್ ರಿಸ್ಟೋರ್’ ಕೊಟ್ಟು ಹಿಂದಕ್ಕೆ ಹೋಗಿ. ಎಐ ಹೊಸದಾಗಿ ಸೃಷ್ಟಿಸಿದ ಫೈಲ್‌ಗಳು ಡಿಫ್‌ನಲ್ಲಿ ಕಾಣುವುದಿಲ್ಲ, ರಿಸ್ಟೋರ್‌ನಿಂದ ಹೋಗುವುದೂ ಇಲ್ಲ. ‘ಗಿಟ್ ಸ್ಟೇಟಸ್’ ನೋಡಿ ಅಳಿಸಬೇಕು. ಡಿಫ್‌ನಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಎರಡು ಕಳ್ಳದಾರಿಗಳನ್ನು. ಎರರನ್ನು ‘ಟ್ರೈ–ಎಕ್ಸೆಪ್ಟ್’ ಒಳಗೆ ಹಾಕಿ ‘ಪಾಸ್’ (ಏನೂ ಮಾಡದೆ ಮುಂದೆ ಹೋಗು) ಎಂದು ಬಾಯಿ ಮುಚ್ಚಿಸುವುದು ಒಂದು. ಕೋಡ್ ಬಿಟ್ಟು, ಅದನ್ನು ಪರೀಕ್ಷಿಸುವ ಟೆಸ್ಟನ್ನೇ ತಿದ್ದುವುದು ಇನ್ನೊಂದು. ಇದು ಹೆಚ್ಚು ಅಪಾಯ, ಏಕೆಂದರೆ ಎಲ್ಲವೂ ಹಸಿರಾಗಿ (ಟೆಸ್ಟ್ ಪಾಸಾದಂತೆ) ಕಾಣುತ್ತದೆ.

ಪ್ರಶ್ನೆ: ಲೇಖನದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಪೈಥಾನ್ ಕೋಡ್ ಬರೆಸಿದೆ. ಇಂಗ್ಲಿಷ್‌ಗೆ ಸರಿ, ಕನ್ನಡ ಪದಗಳು ತುಂಡಾಗುತ್ತವೆ.
– ಓದುಗರು, ಧಾರವಾಡ

ಉತ್ತರ: ಕೋಡ್‌ನಲ್ಲಿ ‘\ಡಬ್ಲ್ಯು+’ (\w+) ಎಂಬ ರೆಜೆಕ್ಸ್, ಅಂದರೆ ಪಠ್ಯದಲ್ಲಿ ಹುಡುಕುವ ಮಾದರಿ, ಇದೆಯೇ ನೋಡಿ. ಪೈಥಾನ್ ಜೊತೆಗೇ ಬರುವ ‘ಆರ್‌ಇ’ ಮಾಡ್ಯೂಲ್‌ಗೆ ಅದರ ಅರ್ಥ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. ಹಲಂತ ಚಿಹ್ನೆ (್), ಕಾಗುಣಿತದ ಚಿಹ್ನೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ‘ಕನ್ನಡ’ ಎಂಬುದು ‘ಕನ’, ‘ನಡ’ ಎಂದು ಎರಡಾಗುತ್ತದೆ. ‘\ಡಬ್ಲ್ಯು’ ಜೊತೆಗೆ ಕನ್ನಡ ಯೂನಿಕೋಡ್ ವಲಯದ 128 ಸ್ಥಾನಗಳನ್ನೂ, ಕಣ್ಣಿಗೆ ಕಾಣದ, ಅಕ್ಷರ ಕೂಡಿಸುವ–ಬಿಡಿಸುವ ಚಿಹ್ನೆಗಳಾದ ಝಡ್‌ಡಬ್ಲ್ಯುಜೆ, ಝಡ್‌ಡಬ್ಲ್ಯುಎನ್‌ಜೆಗಳನ್ನೂ ಒಂದೇ ಚೌಕ ಆವರಣದಲ್ಲಿ ಸೇರಿಸಲು ಹೇಳಿ. ಈ ಕೊನೆಯದನ್ನು ಬಿಟ್ಟರೆ ‘ಸಾಫ್ಟ್‌ವೇರ್’ ಮುರಿಯುತ್ತದೆ. ‘ಕನ್ನಡ’, ‘ಸಾಫ್ಟ್‌ವೇರ್’ ಎರಡನ್ನೂ ಟೆಸ್ಟ್ ಆಗಿ ಮೊದಲೇ ಬರೆದಿಡಿ. ಎರಡಕ್ಕೂ ಒಂದೊಂದೇ ಪದ ಬರಬೇಕು. ಉದ್ದ ಎಣಿಸುವ ‘ಲೆನ್’ ಕೂಡ ‘ಕನ್ನಡ’ಕ್ಕೆ 5 ಎನ್ನುತ್ತದೆ, ನಾವು ಓದುವ ಅಕ್ಷರ ಮೂರೇ. ಉದ್ದಕ್ಕೆ ಮಿತಿ ಹಾಕುವ ಫಾರಂಗಳಲ್ಲಿ ಇದನ್ನು ಗಮನಿಸಿ.

ಪ್ರಶ್ನೆ: ಎಐ ಹೇಳಿದ ಪ್ಯಾಕೇಜನ್ನು ‘ಪಿಪ್ ಇನ್‌ಸ್ಟಾಲ್’ ಮಾಡಿದರೆ ಸಿಗಲೇ ಇಲ್ಲ.
– ಓದುಗರು, ಪುತ್ತೂರು

ಉತ್ತರ: ಸಿಗಲಿಲ್ಲವೆಂದರೆ ಬಚಾವಾದಿರಿ. ಎಐ ಇಲ್ಲದ ಪ್ಯಾಕೇಜ್‌ಗಳ ಹೆಸರನ್ನೂ ಧೈರ್ಯವಾಗಿ ಹೇಳುತ್ತದೆ. ಅಂಥ ಹೆಸರನ್ನು ಕಿಡಿಗೇಡಿಗಳು ಮೊದಲೇ ನೋಂದಾಯಿಸಿ ಒಳಗೆ ಮಾಲ್‌ವೇರ್ ಇಟ್ಟು ಕಾಯಬಹುದು; ಇದಕ್ಕೆ ಸ್ಲಾಪ್‌ಸ್ಕ್ವಾಟಿಂಗ್ ಎನ್ನುತ್ತಾರೆ. ‘ಹಾಕಿ ನೋಡೋಣ, ಬೇಡವಾದರೆ ತೆಗೆದರಾಯಿತು’ ಎನ್ನುವಂತಿಲ್ಲ, ಏಕೆಂದರೆ ಇನ್‌ಸ್ಟಾಲ್ ಆಗುವಾಗಲೇ ಪ್ಯಾಕೇಜ್‌ನ ಕೋಡ್ ಓಡಬಲ್ಲದು. ಮೊದಲು ಪೈಪಿಐ (ಪೈಥಾನ್ ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರ) ಪುಟದಲ್ಲಿ ಹಳೆಯ ಬಿಡುಗಡೆಗಳು, ಸೋರ್ಸ್ ಕೋಡ್‌ನ ಕೊಂಡಿ ಇವೆಯೇ ನೋಡಿ. ನಿನ್ನೆ ಮೊನ್ನೆ ಹುಟ್ಟಿದ, ಒಂದೇ ಬಿಡುಗಡೆಯ ಪ್ಯಾಕೇಜ್ ಆದರೆ ಮುಟ್ಟಬೇಡಿ.