ಸಾಕ್ಷಿಯನ್ನು ತಿದ್ದಬಹುದೇ?

ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯಲ್ಲಿ ಬರೆಯುವ ಆಸೆಯಿರುವ 9 ಜನ ತಿಂಗಳಿಗೊಮ್ಮೆ, ಭಾನುವಾರದ ಆರಾಧನೆ ಮುಗಿದ ಮೇಲೆ ಸೇರುತ್ತೇವೆ. ನಡೆಸುವ ಹೊಣೆ ನನ್ನದು. ಕಳೆದ ಸಲ ಅಕ್ಕ ಒಬ್ಬರು ಗಂಡನ ಕುಡಿತ ಬಿಟ್ಟುಹೋದ ಸಾಕ್ಷಿ, ಅಂದರೆ ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಹೇಳುವ ಬರಹ, ಓದಿದರು. ಹಿರಿಯರೊಬ್ಬರು ‘ವ್ಯಾಕರಣವೂ ಇಲ್ಲ, ಉಪದೇಶವೂ ಸರಿಯಿಲ್ಲ’ ಅಂದುಬಿಟ್ಟರು. ಅಕ್ಕ ಅತ್ತುಕೊಂಡು ಹೋದರು. ‘ದೇವರು ಬರೆಸಿದ್ದನ್ನು ತಿದ್ದಲು ಇವರು ಯಾರು?’ ಎಂದು ಆಮೇಲೆ ಮೆಸೇಜ್ ಹಾಕಿದ್ದಾರೆ. ಈಗ ಯಾರು ಏನು ಓದಿದರೂ ಎಲ್ಲರೂ ‘ಆಶೀರ್ವಾದವಾಯಿತು’ ಅಂದು ಸುಮ್ಮನಾಗುತ್ತಾರೆ. ಗುಂಪು ನಿಲ್ಲಿಸಿಬಿಡಲೇ?
– ಹೆಸರು ಬೇಡ, ಧಾರವಾಡ

ಸಹೋದರಿ, ನಿಲ್ಲಿಸಬೇಡಿ. ಮೊದಲು ಆ ಅಕ್ಕನ ಮನೆಗೆ ಹೋಗಿ ಬನ್ನಿ. ಮೆಸೇಜಿನಲ್ಲಿ ಸಮಾಧಾನ ಹೇಳಿ ಮುಗಿಸುವ ವಿಷಯವಲ್ಲ ಇದು. ಬರಹದ ಮಾತು ಆಮೇಲೆ, ಅವರು ಪಟ್ಟ ಪಾಡನ್ನು ಮೊದಲು ಕೇಳಿ. ಮನೆಯ ಸಂಕಟ ಹೇಳಿಕೊಂಡವರಿಗೆ ಮೊದಲು ಸಿಗುವ ಉತ್ತರ ವ್ಯಾಕರಣವಾದರೆ ಯಾರ ಕರುಳಾದರೂ ಚುರುಕ್ ಅನ್ನುತ್ತದೆ.

‘ದೇವರು ಬರೆಸಿದ್ದು’ ಎಂಬುದನ್ನು ಅಲ್ಲಗಳೆಯಬೇಡಿ. ಲೂಕನ ಸುವಾರ್ತೆಯ ಮೊದಲ 4 ವಚನಗಳನ್ನು ಜೊತೆಗೆ ಕೂತು ಓದಿ. ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎನ್ನುತ್ತಾನೆ ಲೂಕ. ಪ್ರೇರಣೆ ದೇವರದು, ವಿಚಾರಿಸಿ ಜೋಡಿಸುವ ದುಡಿಮೆ ಬರೆಯುವವರದು. ಹಾಡು ಕಟ್ಟುವವರಿಗೂ ಇದೇ ಮಾತು. ಸುವಾರ್ತೆ ಸಾರಲು ಬಂದ ಬಾಸೆಲ್ ಮಿಷನ್ನಿನ ಕಿಟ್ಟೆಲ್ ಕೂಡ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿ 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಭಕ್ತಿ ಎಷ್ಟಿದ್ದರೂ ಮಾತ್ರೆ ತಪ್ಪಿದ ಸಾಲು ರಾಗಕ್ಕೆ ಕೂರುವುದಿಲ್ಲ.

ಇನ್ನು ಗುಂಪಿನ ವಿಷಯ. ಹಿರಿಯರ ಒರಟು ಮಾತೊಂದೇ ಕಾರಣವಲ್ಲ. ಒಂದು ಸಲ ಕಿವಿಯಲ್ಲಿ ಕೇಳಿ, ಆ ಗಳಿಗೆಗೆ ತೋಚಿದ್ದನ್ನು ಹೇಳುವ ಪದ್ಧತಿಯೇ ಕೆಟ್ಟದ್ದು. ಆಗ ಬಾಯಿಗೆ ಬರುವುದು ಬೈಗುಳ ಇಲ್ಲವೇ ಹೊಗಳಿಕೆ. ಬರಹ 5 ದಿನ ಮೊದಲೇ ಎಲ್ಲರ ಕೈಸೇರಲಿ. ಸಾಲುಗಳ ನಡುವೆ ಜಾಗ ಬಿಟ್ಟು, ಪುಟಸಂಖ್ಯೆ ಹಾಕಿದ ಪ್ರತಿ. 1,000 ಪದ ಸಾಕು. ಕೂಟಕ್ಕೆ ಎರಡೇ ಬರಹ, ತಲಾ 40 ನಿಮಿಷ. 9 ಜನ ಹೆಚ್ಚಾಯಿತು, ಎರಡು ಗುಂಪು ಮಾಡಿ. ಆರಾಧನೆಯ ನಂತರ ಎಲ್ಲರಿಗೂ ಊಟದ ಅವಸರ. ಶನಿವಾರ ಸಂಜೆ ವಾಸಿ.

ಪ್ರತಿಯ ತಲೆಯಲ್ಲಿ ಬರೆದವರೇ ತಮಗೇನು ಬೇಕೆಂದು ಹೇಳಲಿ: ‘ಮೊದಲ ಕರಡು, ಅರ್ಥವಾಯಿತೇ ಅಷ್ಟು ಹೇಳಿ’ ಅಥವಾ ‘ಪತ್ರಿಕೆಗೆ ಕಳಿಸುತ್ತೇನೆ, ಸಾಲು ಸಾಲೂ ನೋಡಿ’. ಬಹುಪಾಲು ಕಣ್ಣೀರು ಇಲ್ಲೇ ತಪ್ಪುತ್ತದೆ. ಚರ್ಚೆಯ ಹೊತ್ತಿನಲ್ಲಿ ಬರೆದವರು ಪೆನ್ನು ಹಿಡಿದು ಸುಮ್ಮನಿರಬೇಕು, ಕೊನೆಯ 5 ನಿಮಿಷ ಅವರದು. ಉಳಿದವರು ಮೊದಲು ತಮಗೆ ಅರ್ಥವಾದದ್ದನ್ನು ಒಂದು ವಾಕ್ಯದಲ್ಲಿ ಹೇಳಲಿ, ಆಮೇಲೆ ಮನಸ್ಸಿಗೆ ನಾಟಿದ ಸಾಲು, ಆಮೇಲೆ ಎಡವಿದ ಜಾಗ. ಸಾಲು ತೋರಿಸದೆ ‘ಚೆನ್ನಾಗಿಲ್ಲ’ ಅನ್ನುವಂತಿಲ್ಲ, ‘ಆಶೀರ್ವಾದವಾಯಿತು’ ಅನ್ನುವಂತೆಯೂ ಇಲ್ಲ.

‘ಕರ್ತನು ನಮ್ಮ ಕುಟುಂಬವನ್ನು ಅದ್ಭುತವಾಗಿ ಬಿಡಿಸಿದನು’ ಎಂಬ ಸಾಲು ಇದೆ ಅಂದುಕೊಳ್ಳಿ. ಸವಕಲು ಅನ್ನಬೇಡಿ. ‘ಆವತ್ತು ಮನೆಯಲ್ಲಿ ಏನು ಬೇರೆಯಾಗಿತ್ತು ಅಕ್ಕಾ?’ ಎಂದು ಕೇಳಿ. ‘ಸಂಬಳದ ದಿನ ರಾತ್ರಿ ಎಂಟಕ್ಕೇ ಅವರ ಚಪ್ಪಲಿ ಬಾಗಿಲಲ್ಲಿತ್ತು’ ಎಂದರೆ, ಅದನ್ನೇ ಬರೆಯಿರಿ ಅನ್ನಿ. ಪ್ರಸಂಗದ, ಅಂದರೆ ಆರಾಧನೆಯಲ್ಲಿ ಮಾಡುವ ಭಾಷಣದ, ಮಾತು ಸಭೆಯವರಿಗೆ ರೂಢಿ. ಹೊರಗಿನ ಓದುಗರಿಗೆ ಆ ಚಪ್ಪಲಿ ಕಾಣಬೇಕು. ಗಂಡನ ಒಪ್ಪಿಗೆ ಇದೆಯೇ ಎಂಬುದನ್ನು ಮಾತ್ರ ಅಕ್ಕ ಒಬ್ಬರೇ ಇದ್ದಾಗ ವಿಚಾರಿಸಿ. ಕೂಟ ಮುಗಿದಾಗ ಪ್ರತಿಗಳೆಲ್ಲ ಬರೆದವರ ಕೈಗೇ ಮರಳಲಿ.

ಹಿರಿಯರನ್ನು ದೂರ ಮಾಡಬೇಡಿ. ಮುಂಚಿತವಾಗಿ ಒಂಟಿಯಾಗಿ ಕಂಡು ಒಂದು ಕೆಲಸ ಒಪ್ಪಿಸಿ: ಬೈಬಲ್ ವಚನಗಳ ಅಧ್ಯಾಯ, ಸಂಖ್ಯೆ ಸರಿಯಿದೆಯೇ, ಎರಡು ಅನುವಾದಗಳು ಒಂದೇ ಬರಹದಲ್ಲಿ ಕಲಬೆರಕೆ ಆಗಿವೆಯೇ ಎಂದು ನೋಡಿ ಚೀಟಿ ಬರೆದು ಕೊಡುವುದು. ಬರಹದ ಉಪದೇಶ ಬೈಬಲ್ಲಿಗೆ ಸರಿಹೊಂದುತ್ತದೆಯೇ ಎಂಬ ಅನುಮಾನ ಬಂದರೆ ಬರೆದವರೂ ಅವರೂ ಸಭಾಪಾಲಕರ ಹತ್ತಿರ ಹೋಗಲಿ, ಕೂಟದಲ್ಲಿ ಬೇಡ.

ಪ್ರಾರ್ಥನೆ ಶುರುವಿಗೇ ಇರಲಿ, 3 ನಿಮಿಷ. ಚರ್ಚೆ ಮುಗಿದ ಮೇಲೆ ‘ಕರ್ತನೇ, ಈ ಸಹೋದರಿಗೆ ಬರೆಯುವ ಜ್ಞಾನ ಕೊಡು’ ಎಂದು ಯಾರಾದರೂ ಪ್ರಾರ್ಥಿಸಿದರೆ ಅದು ಎಲ್ಲ ಟೀಕೆಗಿಂತ ಹೆಚ್ಚು ಚುಚ್ಚುತ್ತದೆ, ಎದುರಾಡಲೂ ಆಗುವುದಿಲ್ಲ.

ಹೊಸ ಕ್ರಮದ ಮೊದಲ ಕೂಟಕ್ಕೆ ನಿಮ್ಮದೇ ಬರಹ ಕೊಡಿ. ಅಕ್ಕ ಎರಡು ತಿಂಗಳು ಓದುಗರಾಗಿ ಬಂದು ಕೂರಲಿ. ಅವರ ಸರದಿಯನ್ನು ಮೂರನೆಯ ತಿಂಗಳಿಗೆ ಬರೆದಿಟ್ಟಿದ್ದೇನೆ ಎಂದು ಅವರ ಮನೆಗೆ ಹೋದ ದಿನವೇ ತಿಳಿಸಿಬಿಡಿ.