ಗಾಲ್ಫಲ್ಲಿ ಗ್ರೀನ್ (ಕುಳಿ ಇರೋ ನುಣುಪು ಹುಲ್ಲು) ಪಕ್ಕ ಬಂದ್ಮೇಲೂ ಚಿಪ್ (ಅಲ್ಲಿಂದ ಹೊಡೆಯೋ ಚಿಕ್ಕ ಹೊಡೆತ) ಕೈಕೊಡ್ತಿದೆ, 60 ಡಿಗ್ರಿ ವೆಡ್ಜ್ (ಬಾಲ್ ಎತ್ತರಕ್ಕೆ ಎತ್ತೋ ಕ್ಲಬ್ಬು) ತಗೊಂಡ್ರೆ ಸರಿಹೋಗುತ್ತಾ?

ತಗೋಬೇಡಿ ಮಾರಾಯ್ರೆ. ಒಂದ್ಸಲ ನೆಲಕ್ಕೆ ಹೊಡೀತೀನಿ, ಇನ್ನೊಂದ್ಸಲ ಬಾಲ್ ನೆತ್ತಿಗೆ ಬಿದ್ದು ಗ್ರೀನ್ ದಾಟಿ ಹೋಗುತ್ತೆ ಅಂತ ಬರೆದಿದ್ದೀರಲ್ಲ, ಅದು ಕ್ಲಬ್ಬಿನ ರೋಗ ಅಲ್ಲ, ನಿಂತ್ಕೊಳ್ಳೋದ್ರ ರೋಗ. ನಾನೂ ಮೊದ್ಲು ದುಡ್ಡು ಸುರಿದಿದ್ದು ಹೊಸ ವೆಡ್ಜ್ ಮೇಲೇ.

ನಾನು ಆಡೋದು ಚಿಕ್ಕಮಗಳೂರಲ್ಲಿ. ಕಾಫಿ ಕೊಯ್ಲು ಮುಗಿಯೋ ತನಕ ತೋಟ ಬಿಟ್ಟು ಕದಲೋಕಾಗಲ್ಲ, ಆಮೇಲೆ ಹೂಮಳೆ ಬಿದ್ದು ನೆಲ ಮೆತ್ತಗಾದಾಗ ಆಡೋಕೆ ಹೋಗೋದು. ಬಾಲ್ ಸ್ವಲ್ಪ ಹಿಂದಿಡು, ಕೈ ಸ್ವಲ್ಪ ಮುಂದಿಡು ಅಂತ ಯಾರೋ ಹೇಳಿದ್ರು, ಆ ಸ್ವಲ್ಪ ಒಂದು ನನ್ನ ಕಿವಿಗೆ ಬೀಳ್ಲಿಲ್ಲ. ಬಾಲ್ ಬಲಗಾಲಿನ ಹೆಬ್ಬೆರಳ ಹತ್ರ, ಕೈ ಎಡತೊಡೆ ದಾಟಿ ಎಲ್ಲೋ ಆಚೆ.

ಇದ್ರಿಂದ ಏನಾಗುತ್ತೆ ನೋಡಿ. ಸ್ಯಾಂಡ್ ವೆಡ್ಜ್ 56 ಡಿಗ್ರಿ ಲಾಫ್ಟ್, 12 ಡಿಗ್ರಿ ಬೌನ್ಸ್ ಅಂತಿಟ್ಕೊಳ್ಳಿ. ಲಾಫ್ಟ್ ಅಂದ್ರೆ ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರೋ ಕೋನ. ಬೌನ್ಸ್ ಅಂದ್ರೆ ತಳದ ಹಿಂಭಾಗ ಮುಂದಿನ ಅಂಚಿಗಿಂತ ತಗ್ಗಾಗಿರೋದು, ಅದಿದ್ರೇನೇ ಕ್ಲಬ್ಬು ಹುಲ್ಲಿನ ಮೇಲೆ ಜಾರೋದು. ಶಾಫ್ಟ್, ಅಂದ್ರೆ ಕ್ಲಬ್ಬಿನ ಕೋಲು, 10 ಡಿಗ್ರಿ ಮುಂದಕ್ಕೆ ಬಾಗಿಸಿದ್ರೆ ಲಾಫ್ಟ್ 46 ಆಯ್ತು, ಬೌನ್ಸ್ ಬರೀ 2. ಕೈಲಿರೋದು ಈಗ ಗುದ್ದಲಿ, ಒದ್ದೆ ನೆಲ ಸಿಕ್ಕಿದ್ರೆ ಕಚ್ಕೊಂಡು ನಿಲ್ಲುತ್ತೆ. ಗಾಲ್ಫ್ ಆಟಗಾರ ಜೀನ್ ಸರಾಜೆನ್ 1930ರ ದಶಕದಲ್ಲಿ ಕೂತು ತಳಕ್ಕೆ ಬೆಸುಗೆ ಹಾಕಿ ದಪ್ಪ ಮಾಡಿದ್ದೇ ಅದು ಅಗೀಬಾರ್ದು ಅಂತ, ನಾವು ಕೈ ಒತ್ತಿ ಒತ್ತಿ ಅದನ್ನೇ ಅಳಿಸಿಹಾಕ್ತೀವಿ. ಎರಡ್ಸಲ ನೆಲ ಕಚ್ಚಿದ್ರೆ ಮೂರನೇ ಸಲ ಮೈ ತಾನಾಗೇ ಮೇಲೇಳುತ್ತೆ, ಆಗ ಬಾಲ್ ನೆತ್ತಿಗೆ ಬೀಳೋ ಟಾಪು. ಅಂದ್ರೆ ನಿಮ್ಮ ಎರಡೂ ತಪ್ಪು ಒಂದೇ ತಪ್ಪು.

ಭಾವನ ಜೊತೆ ಜೋಡಿ ಆಡಿದ್ದ ಮ್ಯಾಚಲ್ಲಿ ಕೊನೇ ಹೋಲ್ ತನಕ ಸಮ ಇತ್ತು, ಗ್ರೀನಿಂದ ಎರಡು ಹೆಜ್ಜೆ ಆಚೆ ಬಾಲ್, ಹೊಡೆದೆ, ಮಣ್ಣು ಹಾರ್ತು, ಬಾಲ್ ಒಂದು ಗೇಣು ಸರೀತು. ಮುಂದಿನದು ಸೀದಾ ಪೊದೆಗೆ. ಭಾವ ಜೀಪ್ ಹತ್ತೋ ತನಕ ಮಾತಾಡ್ಲಿಲ್ಲ, ಹತ್ತಿದ್ಮೇಲೆ "ಬಾಲ್ ಉರುಳಿಸೋ ಪಟರ್ ತಗೊಂಡಿದ್ರೆ ಸಾಕಿತ್ತಲ್ಲೋ" ಅಂದ್ರು, ಅಷ್ಟೆ.

ಸರಿ ಮಾಡಿದ್ದು ಕ್ಲಬ್ ಚೀಲ ಹೊರೋ ಕ್ಯಾಡಿ ಹುಡುಗ. "ಅಣ್ಣಾ, ಕಾಲು ಯಾಕೆ ಡ್ರೈವರ್ ಕ್ಲಬ್ಬಲ್ಲಿ ದೂರ ಹೊಡೆಯೋರ ತರ?" ಅಂತ ಕೇಳಿ ಎರಡು ಹಿಮ್ಮಡಿ ನಡುವೆ ಒಂದು ಕ್ಲಬ್‌ಹೆಡ್ ಹಿಡಿಸೋಷ್ಟೇ ಜಾಗ ಬಿಡಿಸ್ದ. ಭಾರದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎಡಗಾಲಿಗೆ, ಹೊಡೆದು ಮುಗಿಯೋ ತನಕ ಅಲ್ಲೇ. ಗ್ರಿಪ್ ಒಂದೆರಡು ಇಂಚು ಕೆಳಗೆ. ಹಿಡಿಯ ತುದಿ ಎಡತೊಡೆಯ ಒಳಬದಿ ನೋಡ್ಬೇಕು, ಅದಕ್ಕಿಂತ ಮುಂದೆ ಬೇಡ.

ಇಲ್ಲೊಂದು ಮೋಸ ಇದೆ. ಎಡಪಾದ ಗುರಿ ಕಡೆ ತಿರುಗಿಸಿದ ತಕ್ಷಣ ಮಧ್ಯದಲ್ಲಿರೋ ಬಾಲ್ ಹಿಂದಿರೋ ತರ ಕಾಣುತ್ತೆ. ಬೆರಳು ನೋಡ್ಬೇಡಿ, ಹಿಮ್ಮಡಿಗಳ ಮಧ್ಯ ಎಲ್ಲಿ ಅಂತ ನೋಡಿ, ಬಾಲ್ ಅಲ್ಲಿರ್ಬೇಕು.

60ರ ವೆಡ್ಜ್ ಬೇಕಾಗೋದು ಮಧ್ಯ ಬಂಕರ್ (ಮರಳುಗುಂಡಿ) ಇದ್ದು ಪಿನ್ (ಕುಳಿಯ ಬಾವುಟ) ಅದರ ಹಿಂದೇ ಇದ್ದಾಗ. ಬರೀ ಹುಲ್ಲಿದ್ರೆ ಕಮ್ಮಿ ಲಾಫ್ಟಿನ 9 ಐರನ್ ತಗೊಂಡು ಉರುಳಿಸಿ, ಯಾರು ಏನು ನಗ್ತಾರೋ ನಗ್ಲಿ. ಹುಲ್ಲು ಎತ್ತರ ಬೆಳೆದು ಬಾಲ್ ಒಳಗೆ ಕೂತಿದ್ರೆ ಮಾತ್ರ ಒಂಚೂರು ಹಿಂದಿಡಿ, ಅದೂ ಬಾಲಿನ ಒಂದು ಅಗಲದಷ್ಟು.