ಹೃದಯಕೋಶ ಮತ್ತು ಲಿಪಿಡ್‌ಗಳ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೆ,

‘ಹೃದಯವನ್ನು ಮರಳಿ ಬೆಳೆಸುವ ಕೊಬ್ಬು’ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ನೀವು ಈ ವಿಷಯವನ್ನು ಕೈಬಿಡಬಾರದೆಂಬ ಆಸೆಯಿಂದ ವಿವರವಾಗಿ ಉತ್ತರಿಸುತ್ತಿದ್ದೇನೆ. ಜೀವಕೋಶದ ಪೊರೆ ಕಟ್ಟುವ ಸಾಮಗ್ರಿಯೆಂದಷ್ಟೇ ಹೆಚ್ಚಿನ ಓದುಗರು ಬಲ್ಲ ಲಿಪಿಡ್‌ಗಳು, ಅಂದರೆ ಕೊಬ್ಬಿನ ಜಾತಿಯ ವಸ್ತುಗಳು, ಕೋಶಗಳ ನಡುವೆ ಸಂಕೇತವನ್ನೂ ಒಯ್ಯುತ್ತವೆ ಎಂಬುದು ಕನ್ನಡದಲ್ಲಿ ಚೆನ್ನಾಗಿ ಬರೆಯಿಸಿಕೊಳ್ಳಬೇಕಾದ ಸಂಗತಿ.

ನಿಮ್ಮ ಲೇಖನದ ಮುಖ್ಯ ದೋಷವಿರುವುದು ಅದರ ಮುಖ್ಯ ವಾಕ್ಯದಲ್ಲಿಯೇ. ಸ್ಫಿಂಗೊಸಿನ್-1-ಫಾಸ್ಫೇಟ್, ಅಂದರೆ ಎಸ್‌1ಪಿ, ಮತ್ತು ಲೈಸೊಫಾಸ್ಫಟಿಡಿಕ್ ಆಮ್ಲ, ಅಂದರೆ ಎಲ್‌ಪಿಎ, ಎಂಬ ಲಿಪಿಡ್‌ಗಳು ‘ಆಕರಕೋಶಗಳನ್ನು ಹೃದಯಕೋಶಗಳನ್ನಾಗಿ ಮಾರ್ಪಡಿಸುತ್ತವೆ’ ಎಂದು ಬರೆದಿದ್ದೀರಿ (ಆಕರಕೋಶ ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್). ನೀವು ಆಧರಿಸಿರುವ ಸ್ಟ್ಯಾನ್‌ಫರ್ಡ್ ಸಂಶೋಧಕರ 2018ರ ಪ್ರಬಂಧ ಹಾಗೆ ಹೇಳುವುದಿಲ್ಲ. ಯಾವ ಹಂತದಲ್ಲಿ ಕೊಟ್ಟರೆ ಈ ಲಿಪಿಡ್‌ಗಳು ಏನು ಮಾಡುತ್ತವೆ ಎಂಬುದೇ ಆ ಪ್ರಬಂಧದ ತಿರುಳು. ನಿಮ್ಮ ಲೇಖನದಲ್ಲಿ ಬಿಟ್ಟುಹೋಗಿರುವುದೂ ಅದೇ.

ಮೊದಲು ಹಿನ್ನೆಲೆಯನ್ನು ಕಟ್ಟಿಕೊಡಿ. ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ ಅವರ ತಂಡ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಸಾಮಾನ್ಯ ಕೋಶಗಳನ್ನು ಆಕರಕೋಶದ ಸ್ಥಿತಿಗೆ ಮರಳಿಸಿದ್ದನ್ನು ನೀವು ಎರಡು ಪುಟ ಬರೆದಿದ್ದೀರಿ. ಒಂದು ವಾಕ್ಯ ಸಾಕು. ಅಂಥ ಕೋಶಗಳನ್ನು ಹೃದಯದ ಸ್ನಾಯುಕೋಶಗಳನ್ನಾಗಿ ಬೆಳೆಸಲು 2012ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ರೂಪಿಸಿದ ವಿಧಾನಕ್ಕೆ ಆ ಜಾಗವನ್ನು ಕೊಡಿ. ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನನ್ನು ನಾಶದ ದಾರಿಗೆ ತಳ್ಳುವ ಜಿಎಸ್‌ಕೆ-3 ಕಿಣ್ವವನ್ನು ಒಂದು ರಾಸಾಯನಿಕದಿಂದ ತಡೆದರೆ, ಆ ಪ್ರೋಟೀನು ಕೋಶಕೇಂದ್ರದಲ್ಲಿ ಸಂಗ್ರಹವಾಗಿ, ಆಕರಕೋಶವು ಭ್ರೂಣದ ಮಧ್ಯಪದರದ, ಅಂದರೆ ಹೃದಯ ಹುಟ್ಟುವ ಪದರದ, ಹಾದಿ ಹಿಡಿಯುತ್ತದೆ. ಬೀಟಾ-ಕ್ಯಾಟೆನಿನ್ ಮೂಲಕ ಸಾಗುವ ಈ ಸಂಕೇತಕ್ಕೆ ವಿಂಟ್ ಎಂದು ಹೆಸರು; ಕೆಲವೇ ದಿನಗಳ ಬಳಿಕ ಇದನ್ನೇ ಅಡಗಿಸಬೇಕು. ಇಲ್ಲವಾದರೆ ಮುಂದಿನ ಹೆಜ್ಜೆ ಹೃದಯದ ಕಡೆಗೆ ಸಾಗುವುದಿಲ್ಲ. ಒಂದೇ ಸಂಕೇತ ಮೊದಲು ಬೇಕು, ಆಮೇಲೆ ಬೇಡ ಎಂಬ ಈ ಮಾತು ಓದುಗರ ಮನಸ್ಸಿನಲ್ಲಿ ನಿಂತರೆ ಲಿಪಿಡ್‌ಗಳ ಕಥೆ ತಾನಾಗಿ ತೆರೆದುಕೊಳ್ಳುತ್ತದೆ.

ಆರಂಭದ ಹಂತದಲ್ಲಿ ಎಸ್‌1ಪಿ ಮತ್ತು ಎಲ್‌ಪಿಎಗಳನ್ನು ಸೇರಿಸಿದಾಗ ಕೋಶಕೇಂದ್ರದಲ್ಲಿ ಬೀಟಾ-ಕ್ಯಾಟೆನಿನ್ ಹೆಚ್ಚಿತು. ಜಿಎಸ್‌ಕೆ-3 ತಡೆಯುವ ರಾಸಾಯನಿಕದ ಜೊತೆಗೂಡಿ ಅವು ಮಧ್ಯಪದರದ ಹುಟ್ಟನ್ನೂ ಅದರ ಬೆನ್ನಿಗೆ ಹೃದಯಕೋಶಗಳ ಇಳುವರಿಯನ್ನೂ ಹೆಚ್ಚಿಸಿದವು. ಅಂದರೆ ಈಗಾಗಲೇ ಹೊರಟ ಪಯಣಕ್ಕೆ ಅವು ಬಲ ಕೊಟ್ಟವು. ಹೃದಯಕೋಶಗಳು ರೂಪುಗೊಂಡ ಮೇಲೆ ಅದೇ ಲಿಪಿಡ್‌ಗಳನ್ನು ಕೊಟ್ಟಾಗ ಫಲ ಬೇರೆಯಾಯಿತು: ಇಆರ್‌ಕೆ ಎಂಬ ಇನ್ನೊಂದು ಸಂಕೇತಮಾರ್ಗದ ಮೂಲಕ ಕೋಶಚಕ್ರ, ಅಂದರೆ ಕೋಶವು ವಿಭಜನೆಗೆ ಅಣಿಯಾಗುವ ಹಂತಗಳ ಸರಣಿ, ಶುರುವಾಯಿತು. ಇಲ್ಲಿ ನೀವು ‘ಕೋಶಗಳು ಇಮ್ಮಡಿಯಾದವು’ ಎಂದಿರುವುದು ತಪ್ಪು. ಲಿಪಿಡ್‌ಗಳಷ್ಟರಿಂದಲೇ ಕೋಶಗಳು ವಿಭಜನೆಯಾಗಲಿಲ್ಲ. ಬೀಟಾ-ಕ್ಯಾಟೆನಿನ್ ಪ್ರೇರಿಸುವ ವೃದ್ಧಿಗೆ ಅವು ನೆರವಾದವು, ಅಷ್ಟೇ. ಹೃದಯದ ಸ್ನಾಯುಕೋಶ ತನ್ನ ಡಿಎನ್‌ಎ ನಕಲು ಮಾಡಿಕೊಂಡು ಎರಡಾಗಿ ಒಡೆಯದೆ ನಿಂತುಬಿಡಬಲ್ಲದು. ಇಪ್ಪತ್ತೈದರ ಹರೆಯದಲ್ಲಿಯೂ ವರ್ಷಕ್ಕೆ ಸುಮಾರು ಶೇ. 1ರಷ್ಟು ಹೃದಯಕೋಶಗಳು ಮಾತ್ರ ಹೊಸದಾಗುತ್ತವೆ ಎಂದು 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಕಾರ್ಬನ್-14ರ ಅಳತೆಯಿಂದ ಅಂದಾಜಿಸಿದ್ದನ್ನು ಇದರ ಪಕ್ಕದಲ್ಲಿಟ್ಟರೆ, ಕೋಶಚಕ್ರ ಶುರುವಾಗುವುದಕ್ಕೂ ಕೋಶ ಎರಡಾಗುವುದಕ್ಕೂ ಇರುವ ಸಣ್ಣ ವ್ಯತ್ಯಾಸ ಎಷ್ಟು ದೊಡ್ಡದೆಂದು ಓದುಗರಿಗೆ ಅರಿವಾಗುತ್ತದೆ.

ನಿಮ್ಮ ಲೇಖನದ ಅತ್ಯುತ್ತಮ ಭಾಗ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುದುಡಿಕೊಂಡಿದೆ: ಜೀಬ್ರಾ ಮೀನಿನ ‘ಮೈಲ್ಸ್ ಅಪಾರ್ಟ್’ ಎಂಬ ರೂಪಾಂತರ, ಅಂದರೆ ಜೀನಿನಲ್ಲಾದ ಬದಲಾವಣೆ. ಅದನ್ನು ಆರಂಭಕ್ಕೆ ತನ್ನಿ. ಮೀನಿನ ಭ್ರೂಣದಲ್ಲಿ ಎಡಬಲಗಳಲ್ಲಿ ಹುಟ್ಟುವ ಹೃದಯದ ಮೂಲಕೋಶಗಳು ನಡುಗೆರೆಗೆ ಸರಿದು ಒಂದೇ ಕೊಳವೆಯಾಗಬೇಕು; ಈ ರೂಪಾಂತರವಿದ್ದರೆ ಅವು ಸರಿಯದೆ, ಒಂದೇ ಮರಿಯಲ್ಲಿ ಎರಡು ಹೃದಯಗಳಾಗುತ್ತವೆ. ಕೆಟ್ಟಿರುವುದು ಎಸ್‌1ಪಿ ಗ್ರಾಹಕದ, ಅಂದರೆ ಎಸ್‌1ಪಿ ಸಂಕೇತವನ್ನು ಹಿಡಿದುಕೊಳ್ಳುವ ಕೋಶದ ಪ್ರೋಟೀನಿನ, ಜೀನ್ ಎಂದು 2000ದಲ್ಲಿ ತಿಳಿಯಿತು. ಆರೋಗ್ಯವಂತ ಭ್ರೂಣದ ಕೋಶಗಳನ್ನು ರೂಪಾಂತರಿತ ಭ್ರೂಣದಲ್ಲಿಟ್ಟಾಗ ಅವೂ ಚಲಿಸಲಿಲ್ಲ; ಅಂದರೆ ಆ ಗ್ರಾಹಕ ಬೇಕಾಗಿದ್ದುದು ಚಲಿಸುವ ಕೋಶಗಳಿಗಿಂತ ಅವುಗಳ ನೆರೆಹೊರೆಗೆ. ಎಂಥ ಅದ್ಭುತ ಪ್ರಯೋಗ! ಆದರೆ ಇದು ಕೋಶಗಳ ಚಲನೆಯ ಕಥೆ, ಅವು ಹೃದಯಕೋಶಗಳಾಗುವ ಕಥೆ ಬೇರೆ; ಎರಡನ್ನೂ ಬೆರೆಸದೆ ಬರೆಯಿರಿ.

ಎರಡು ಭಾಗಗಳನ್ನು ಪೂರ್ತಿ ತೆಗೆಯಲೇಬೇಕು. ಒಳ್ಳೆಯ ತುಪ್ಪ ತಿಂದರೆ ಈ ಲಿಪಿಡ್‌ಗಳು ಹೆಚ್ಚುತ್ತವೆ ಎಂಬ ನಿಮ್ಮ ಮಾತಿಗೆ ಈ ಪ್ರಬಂಧದಲ್ಲಿ ಆಧಾರವಿಲ್ಲ. ಎಸ್‌1ಪಿಯನ್ನು ನಮ್ಮ ಕೋಶಗಳೇ ಸ್ಫಿಂಗೊಸಿನ್‌ಗೆ ಫಾಸ್ಫೇಟ್ ಜೋಡಿಸಿ ತಯಾರಿಸುತ್ತವೆ. ಹೃದ್ರೋಗಿಗಳು ‘ಆಕರಕೋಶದ ಇಂಜೆಕ್ಷನ್ ಕೇಳಿ ಪಡೆಯಬಹುದು’ ಎಂಬ ಸಲಹೆ ಇನ್ನೂ ಅಪಾಯಕಾರಿ. ನೀವು ವಿವರಿಸಿರುವುದು ಪ್ರಯೋಗಾಲಯದ ತಟ್ಟೆಯ ಪುಟ್ಟ ಗುಳಿಗಳಲ್ಲಿ ನಡೆದ ಕೆಲಸವನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಹೃದಯಕ್ಕೆ ಆಕರಕೋಶ ಕೊಡುವುದು ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ ಸಲ್ಲುತ್ತದೆ. ನಮ್ಮ ಪುಟವನ್ನು ನಂಬಿ ಯಾರೋ ಸಾಲ ಮಾಡಿ ಆಸ್ಪತ್ರೆಯ ಬಾಗಿಲು ತಟ್ಟಬಾರದು.

ತಿದ್ದಿದ ಕರಡನ್ನು ಸಾವಿರ ಪದಗಳೊಳಗೆ ಕಳುಹಿಸಿ. ಪ್ರತಿಯೊಂದು ಫಲಿತಾಂಶದ ಮುಂದೆ ಅದು ಮೀನಿನದೋ, ತಟ್ಟೆಯ ಕೋಶದ್ದೋ ಎಂದು ನಮೂದಿಸಿರಿ. ನಾನೇ ಓದುತ್ತೇನೆ.

ಇಂತಿ,
ಸಂಪಾದಕ